ಒಂದು ನಿಮಿಷದಲ್ಲಿ ದೊಡ್ಡಮ್ಮ ಹೇಳದೆ ಬಿಟ್ಟದ್ದು

ಹೊಸದಾಗಿ ಏನನ್ನಾದರೂ ಕಲಿಯುತ್ತಿರುವವರನ್ನು ಮೊದಲ ಒಂದು ವರ್ಷ ನೆಂಟರ ಮನೆಗೆ ಬಿಡಬಾರದು. ಇದು ನಾನು ಎಲ್ಲೋ ಓದಿ ಹೇಳುತ್ತಿರುವುದಲ್ಲ, ಅನುಭವಿಸಿ ಹೇಳುತ್ತಿರುವುದು. ನಮ್ಮ ಸೋದರಮಾವ ಒಬ್ಬರು ಅಂಚೆಯ ಮೂಲಕ ಹೋಮಿಯೋಪತಿ ಕಲಿತ ವರ್ಷ ನಮ್ಮ ಕಡೆಯ ಮದುವೆಮನೆಗಳಲ್ಲಿ ಯಾರೂ ನೆಮ್ಮದಿಯಾಗಿ ಸೀನಿದ್ದಿಲ್ಲ. ಸೀನಿದವರ ಪಕ್ಕಕ್ಕೆ ಮಾವ ಊಟದ ಎಲೆ ಬಿಟ್ಟು ಎದ್ದು ಬಂದು ಕೂರುತ್ತಿದ್ದರು. ಸೀನು ಬೆಳಗಿನದೋ ಸಂಜೆಯದೋ, ಬಲ ಮೂಗಿನದೋ ಎಡದ್ದೋ, ಸೀನಿದ ಮೇಲೆ ಅಳು ಬಂದಂತಾಗುತ್ತದೋ ಎಂದೆಲ್ಲ ವಿಚಾರಿಸಿ, ಜೇಬಿನಿಂದ ಸಕ್ಕರೆ ಗುಳಿಗೆಯ ಸೀಸೆ ತೆಗೆಯುತ್ತಿದ್ದರು. ನಾವು ಹುಡುಗಿಯರು ಬಾಗಿಲ ಮರೆಯಲ್ಲಿ ನಿಂತು ನಗುತ್ತಿದ್ದೆವು. ನಲವತ್ತನಾಲ್ಕನೇ ವಯಸ್ಸಿಗೆ ನಾನೇ ಮಿದುಳು ಕಲಿಯಲೆಂದು ವಿಶ್ವವಿದ್ಯಾಲಯ ಸೇರಿದಾಗ ಆ ಮಾವ ನೆನಪಾಗಬೇಕಿತ್ತು, ಆಗಲಿಲ್ಲ. ಮಾವನ ಗುಳಿಗೆಯಿಂದ ಯಾರಿಗೂ ಒಳ್ಳೆಯದೂ ಆಗಲಿಲ್ಲ, ಕೆಟ್ಟದ್ದೂ ಆಗಲಿಲ್ಲ. ನನ್ನ ವಿದ್ಯೆಯಿಂದ ನಮ್ಮ ದೊಡ್ಡಮ್ಮನ ಜೀಪಿನ ಕೀ ಹೋಯಿತು.

ಆ ವಯಸ್ಸಿನಲ್ಲಿ ಸೇರಿದ್ದೇಕೆ ಎಂದು ಮೊದಲೇ ಹೇಳಿಬಿಡುತ್ತೇನೆ. ಹದಿನೆಂಟು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿದ್ದೆ. ನಾನು ಹೇಳಿದ್ದು ಕೊನೆಯ ಬೆಂಚಿನ ಮಕ್ಕಳ ಕಿವಿಯವರೆಗೆ ಹೋಗುವುದು ನನಗೆ ಕಾಣುತ್ತಿತ್ತು. ಅಲ್ಲಿಂದ ಮುಂದೆ ಅದಕ್ಕೆ ಏನಾಗುತ್ತದೆ ಎಂಬುದು ಮಾತ್ರ ಕಾಣುತ್ತಿರಲಿಲ್ಲ. ಅದೊಂದನ್ನು ತಿಳಿಯದೆ ನಿವೃತ್ತಳಾಗಬಾರದು ಎನ್ನಿಸಿತು. ಎರಡು ವರ್ಷ ರಜೆ ಹಾಕಿ, ನರವಿಜ್ಞಾನಕ್ಕೆ ಒತ್ತು ಕೊಟ್ಟು ಮನಃಶಾಸ್ತ್ರ ಕಲಿಸುವ ಎಂ.ಎಸ್ಸಿ.ಗೆ ಸೇರಿದೆ. ತರಗತಿಯ ಮಕ್ಕಳು ನನ್ನನ್ನು ಎದುರಿಗೆ ಅಕ್ಕ ಎನ್ನುತ್ತಿದ್ದರು, ಬೆನ್ನ ಹಿಂದೆ ಆಂಟಿ ಎನ್ನುತ್ತಿದ್ದರು. ಎರಡಕ್ಕೂ ನಾನು ತಿರುಗಿ ನೋಡುತ್ತಿದ್ದೆ. ಮೊದಲ ಸೆಮಿಸ್ಟರ್ ಮುಗಿಯುವಷ್ಟರಲ್ಲಿ ನನಗೆ ಮನುಷ್ಯರು ಕಾಣುವುದು ನಿಂತು ಬರೀ ಮಿದುಳುಗಳು ಕಾಣತೊಡಗಿದ್ದವು. ಕಂಡಕ್ಟರು ಸ್ಟಾಪಿನ ಹೆಸರು ಕೂಗಲು ಮರೆತರೆ, ಪಾಪ, ಹಣೆಯ ಹಿಂದಿನ ಭಾಗ ದಣಿದಿದೆ ಎಂದುಕೊಳ್ಳುತ್ತಿದ್ದೆ. ಹಾಸ್ಟೆಲಿನಿಂದ ಮನೆಗೆ ಹೋದ ದಿನಗಳಲ್ಲಿ ನಮ್ಮ ಮನೆಯವರು ಕನ್ನಡಕವನ್ನು ತಲೆಯ ಮೇಲಿಟ್ಟುಕೊಂಡು ಮನೆಯೆಲ್ಲ ಹುಡುಕಿದರೆ, ಹಿಪ್ಪೊಕ್ಯಾಂಪಸ್ ಎಂಬ ನೆನಪಿನ ಭಾಗ ಏನು ಕೆಲಸ ಮಾಡುತ್ತದೆ ಎಂದು ವಿವರಿಸುತ್ತಿದ್ದೆ. ಅವರು ಒಂದು ದಿನ ತಾಳ್ಮೆಯಿಂದಲೇ, "ಮೊದಲು ಬೈದಾದ್ರೂ ಹುಡುಕಿ ಕೊಡ್ತಿದ್ದೆ. ಈಗ ಕಾರಣ ಮಾತ್ರ ಹೇಳ್ತೀಯ" ಎಂದರು.

ಒಮ್ಮೆ ವಿಭಾಗದಿಂದ ಪ್ಲಾಸ್ಟಿಕ್ಕಿನ ಮಿದುಳೊಂದನ್ನು ಕಡ ತಂದು, ಟವೆಲಿನಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಊರಿಗೆ ಬರುತ್ತಿದ್ದೆ. ಕುಶಾಲನಗರ ದಾಟಿದ ಮೇಲೆ ಟವೆಲು ಜಾರಿತು. ಪಕ್ಕದಲ್ಲಿದ್ದ ಮುದುಕರು ಬಹಳ ಹೊತ್ತು ಅದನ್ನೇ ನೋಡಿ, ಮೆಲ್ಲಗೆ, ದುಃಖದಿಂದ, "ಯಾರದಮ್ಮ ಇದು?" ಎಂದರು. ಪ್ಲಾಸ್ಟಿಕ್ಕಿನದು, ಓದುವುದಕ್ಕೆ ಎಂದೆ. ಅವರು ನಂಬಲಿಲ್ಲ. ಇಳಿಯುವಾಗ ಧೈರ್ಯವಾಗಿರು ಎಂದು ಹೇಳಿ ಹೋದರು.

ಆ ಮಿದುಳು ಹೋಗುತ್ತಿದ್ದದ್ದು ನಮ್ಮ ದೊಡ್ಡಮ್ಮನ ಮನೆಗೆ. ದೊಡ್ಡಮ್ಮ ಎಂದರೆ ನನ್ನ ಅಮ್ಮನ ಅಕ್ಕ. ಶನಿವಾರಸಂತೆಯಿಂದ ಒಂದಷ್ಟು ದೂರದಲ್ಲಿ, ಕಾಡಂಚಿಗೆ ಇಳಿಯುವ ಕಾಫಿ ತೋಟ ಅವರದ್ದು. ಅಮ್ಮ ನರ್ಸಾಗಿದ್ದರಿಂದ ವರ್ಷಕ್ಕೊಂದು ಊರು. ನಾನು ಬೆಳೆದದ್ದು ದೊಡ್ಡಮ್ಮನ ಹಿಂದೆ. ಮಾತು ಕಲಿತದ್ದೂ ಅವರಿಂದಲೇ. ಮಳೆಗೆ ಎಷ್ಟು ಹೆಸರು, ಅಕ್ಕಿರೊಟ್ಟಿ ಕಾವಲಿಗೆ ಅಂಟಿದಾಗ ಏನು ಹೇಳಬೇಕು, ಮನೆಗೆ ಬಂದವರನ್ನು ಯಾವ ಮಾತಿನಲ್ಲಿ ಕೂರಿಸಬೇಕು, ಯಾವ ಮಾತನ್ನು ಯಾವ ಹೊತ್ತಿನಲ್ಲಿ ಆಡಬಾರದು, ಇದೆಲ್ಲ ನನಗೆ ಅವರ ಸೆರಗು ಹಿಡಿದು ನಡೆಯುವಾಗ ಬಂದದ್ದು. ಕೊನೆಯದನ್ನು ನಾನು ಮರೆತುಬಿಟ್ಟಿದ್ದೆ ಎಂಬುದೇ ಈ ಪ್ರಬಂಧದ ಸಂಗತಿ.

ಜೀಪಿನ ವಿಷಯ ಹೇಳದಿದ್ದರೆ ಕೀ ಹೋದದ್ದರ ಭಾರ ನಿಮಗೆ ತಿಳಿಯುವುದಿಲ್ಲ. ಇಪ್ಪತ್ತೊಂದು ವರ್ಷದ ಹಿಂದೆ ಒಂದು ಸಂಜೆ ದೊಡ್ಡಪ್ಪ ತೋಟದ ಕೆಳಗಿನ ಮೋಟರು ನಿಲ್ಲಿಸಲು ಹೋದವರು, ಗಣಪತಿಗೆ ತಲೆ ಕೊಟ್ಟ ಪ್ರಾಣಿಯ ಎದುರಿಗೆ ಸಿಕ್ಕಿದರು. ಆಳುಗಳು ಅವರನ್ನು ಕಂಬಳಿಯಲ್ಲಿ ಹೊತ್ತು ಅಂಗಳಕ್ಕೆ ತಂದಾಗ ಇನ್ನೂ ಉಸಿರಿತ್ತು. ಅಂಗಳದಲ್ಲಿ ಜೀಪೂ ಇತ್ತು. ಓಡಿಸುವವರು ಇರಲಿಲ್ಲ, ಓಡಿಸುವವರೇ ಕಂಬಳಿಯಲ್ಲಿದ್ದರು. ಮಗ ಉಮೇಶನಿಗೆ ಆಗ ಹದಿನೈದು. ಪಕ್ಕದ ಎಸ್ಟೇಟಿನಿಂದ ಡ್ರೈವರನ್ನು ಕರೆತರುವಷ್ಟರಲ್ಲಿ ಮುಕ್ಕಾಲು ಗಂಟೆ ಹೋಯಿತು. ದೊಡ್ಡಪ್ಪನ ಉಸಿರು ನಿಲ್ಲಲು ಅಷ್ಟು ಹೊತ್ತು ಬೇಕಾಗಿರಲಿಲ್ಲ. ವರ್ಷಾಂತಿಕ ಮುಗಿಸಿದ ಮರುವಾರ ದೊಡ್ಡಮ್ಮ, ಐವತ್ತಮೂರನೇ ವಯಸ್ಸಿನಲ್ಲಿ, ಸೀರೆಯ ನೆರಿಗೆ ಸೊಂಟಕ್ಕೆ ಸಿಕ್ಕಿಸಿ ಜೀಪು ಹತ್ತಿ, ಅದೇ ಡ್ರೈವರಿಗೆ ಹೇಳಿಕೊಡು ಎಂದರು. ಆಮೇಲಿನ ಇಪ್ಪತ್ತು ವರ್ಷ ನಮ್ಮ ಲೈನ್ ಮನೆಗಳಲ್ಲಿ, ಅಂದರೆ ತೋಟದ ಸಾಲುಮನೆಗಳಲ್ಲಿ, ಇದ್ದ ಕೆಲಸಗಾರರಿಗೆ ಜ್ವರ, ಹೆರಿಗೆ, ಹಾವು, ಏನೇ ಬರಲಿ, ಅಂಗಳದಲ್ಲಿ ಜೀಪು ಒಮ್ಮೆ ಕೆಮ್ಮಿ ಹೊರಡುತ್ತಿತ್ತು. ಶನಿವಾರ ಸಂತೆಗೂ ಅವರೇ. ಬದನೆ, ಮೂಲಂಗಿ, ಮೂರ್ನಾಲ್ಕು ಹೆಂಗಸರು, ಅವರ ಮಕ್ಕಳು, ಎಲ್ಲರನ್ನೂ ಹೇರಿಕೊಂಡು ಎರಡನೇ ಗೇರಿನಲ್ಲಿ ಹೋಗಿ, ಎರಡನೇ ಗೇರಿನಲ್ಲಿ ಬರುತ್ತಿದ್ದರು. ಮೂರನೆಯ ಗೇರು ಗಂಡಸರ ಆತುರಕ್ಕೆ ಮಾಡಿದ್ದು ಎಂಬುದು ಅವರ ಅಭಿಪ್ರಾಯ.

ಈ ದೊಡ್ಡಮ್ಮನ ಮೇಲೆ ನಾನು ಪರೀಕ್ಷೆ ಮಾಡಿದೆ. ಎರಡನೇ ಸೆಮಿಸ್ಟರಿನಲ್ಲಿ, ವಯಸ್ಸಾದವರ ನೆನಪು ಮತ್ತು ಮಾತನ್ನು ಅಳೆಯುವ ಪರೀಕ್ಷೆಗಳನ್ನು ಅಭ್ಯಾಸ ಮಾಡಿಕೊಂಡು ಬನ್ನಿ ಎಂದು ನಮ್ಮ ಪ್ರೊಫೆಸರ್ ಮೇಡಂ ಕಳಿಸಿದ್ದರು. ಅಭ್ಯಾಸಕ್ಕೆ ಮಾತ್ರ, ಬಂದ ಅಂಕವನ್ನು ಯಾರಿಗೂ ಹೇಳಬಾರದು ಎಂದು ಎರಡು ಸಲ ಹೇಳಿದ್ದರು. ನಾನು ಎರಡು ಸಲವೂ ತಲೆಯಾಡಿಸಿದ್ದೆ. ಪರೀಕ್ಷೆಗಳಲ್ಲಿ ಎಲ್ಲಕ್ಕಿಂತ ಸುಲಭದ್ದು ಇದು: ಒಂದು ನಿಮಿಷದಲ್ಲಿ ನೆನಪಾದಷ್ಟು ಪ್ರಾಣಿಗಳ ಹೆಸರು ಹೇಳಬೇಕು. ಕೇಳುವುದಕ್ಕೆ ಮಕ್ಕಳಾಟ, ಆದರೆ ಮಿದುಳಿನ ಹಲವು ಭಾಗಗಳು ಕೂಡಿ ಕೆಲಸ ಮಾಡದಿದ್ದರೆ ಈ ಆಟ ನಡೆಯುವುದಿಲ್ಲ.

ಕಾಫಿ ಹಣ್ಣು ಕೀಳುವ ಪಿಕ್ಕಿಂಗ್ ನಡೆಯುತ್ತಿದ್ದ ಕಾಲ. ಸಂಜೆ ಆರರ ಹೊತ್ತು. ಉಮೇಶ ಕೆಳಗೆ ಮೋಟರಿನ ಕಡೆ ಹೋಗಿದ್ದ. ಒಲೆಯ ಮುಂದೆ ದೊಡ್ಡಮ್ಮ, ಎದುರಿಗೆ ನಾನು, ನಡುವೆ ರೆಕಾರ್ಡಿಗೆ ಇಟ್ಟ ಮೊಬೈಲು, ನನ್ನ ಕೈಯಲ್ಲಿ ಸ್ಟಾಪ್‌ವಾಚು. ಶುರು ಎಂದೆ.

"ಪ್ರಾಣಿ ಅಂದ್ರೆ ನಮ್ಮನೇವಾ, ಊರಿನವಾ?" ಎಂದರು ದೊಡ್ಡಮ್ಮ.

ಯಾವುದಾದರೂ ಸರಿ ಎಂದೆ. ಅವರು ಗೌರಿ, ಹಂಡಿ, ಕೆಂಪಿ ಎಂದು ಕೊಟ್ಟಿಗೆಯ ಹಸುಗಳನ್ನು ಒಂದೊಂದಾಗಿ ಕರೆಯತೊಡಗಿದರು. ನಮ್ಮ ಕೈಪಿಡಿಯಲ್ಲಿ ಅಂಕಿತನಾಮಕ್ಕೆ ಅಂಕವಿಲ್ಲ. ನಾನು ನಡುವೆ ಬಾಯಿ ಹಾಕಿ, ಹಾಗಲ್ಲ ದೊಡ್ಡಮ್ಮ, ಜಾತಿ ಹೇಳಿ ಎಂದೆ. ಹಸುವಿಗೆ ಹೆಸರಿರುವಾಗ ಜಾತಿ ಕೇಳುವುದು ಎಂಥ ಓದು ಎಂಬಂತೆ ನೋಡಿ, ಆಮೇಲೆ ಹಸು, ಎಮ್ಮೆ, ನಾಯಿ, ಬೆಕ್ಕು, ಕುರಿ, ಮೇಕೆ ಎಂದರು. ಸ್ವಲ್ಪ ತಡೆದು ಮಂಗ, ಮೊಲ, ಹಂದಿ ಎಂದರು. ಅಲ್ಲಿಗೆ ನಿಂತರು. ಅರ್ಧ ನಿಮಿಷವೂ ಆಗಿರಲಿಲ್ಲ. ನಾನು ಸ್ಟಾಪ್‌ವಾಚನ್ನೇ ನೋಡುತ್ತ ಕೂತೆ. ಮುಳ್ಳು ಸುತ್ತಿತು. ಕೊನೆಗೆ ಅವರು ಕಿಟಕಿಯ ಕಡೆ ತಿರುಗಿ, "ಉಮೇಶ ಬಂದ್ನೇನೇ?" ಎಂದರು. ಸಮಯ ಮುಗಿಯಿತು. ಒಂಬತ್ತು. ಕೈಪಿಡಿ ಹಾಕಿದ ಗೆರೆಗಿಂತ ಕೆಳಗೆ. ಷರಾ ಎಂಬ ಜಾಗದಲ್ಲಿ ನಾನು ಅಚ್ಚುಕಟ್ಟಾಗಿ ಬರೆದೆ: ದೀರ್ಘ ಮೌನ, ಗಮನ ಬೇರೆಡೆಗೆ, ಸಂಬಂಧವಿಲ್ಲದ ಪ್ರಶ್ನೆ.

ಮರುದಿನ ಬೆಳಿಗ್ಗೆ ಕಾಫಿ ಕುಡಿಯುವಾಗ ಉಮೇಶ, ಹೇಗಿತ್ತಕ್ಕ ನಿನ್ನ ಪರೀಕ್ಷೆ ಎಂದ. ಏನೂ ಹೇಳಬಾರದಿತ್ತು. ಆದರೆ ಹದಿನೆಂಟು ವರ್ಷ ಪಾಠ ಮಾಡಿದ ಬಾಯಿ, ಪ್ರಶ್ನೆ ಕೇಳಿದರೆ ಸುಮ್ಮನಿರುವುದಿಲ್ಲ. ಒಂದು ಅಂಕದ ಮೇಲೆ ಏನೂ ತೀರ್ಮಾನಿಸಬಾರದು ಎಂದು ಶುರು ಮಾಡಿ, ಪ್ಲಾಸ್ಟಿಕ್ ಮಿದುಳನ್ನು ಬಿಚ್ಚಿ, ಎಲ್ಲಿ ಸವೆತ ಶುರುವಾದರೆ ಮಾತು ಹೇಗೆ ತಡವರಿಸುತ್ತದೆ ಎಂದು ತೋರಿಸಿ, ಒಂಬತ್ತು ಎಂದೂ ಹೇಳಿ ಮುಗಿಸಿದೆ. ಉಮೇಶ ಮಿದುಳಿನ ಒಂದು ತುಂಡನ್ನು ಕೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿದ. ಹಿಂದಿನ ಮಳೆಗಾಲದಲ್ಲಿ ಅಮ್ಮ ಗೇಟಿನ ಕಂಬಕ್ಕೆ ಜೀಪು ತಾಗಿಸಿದ್ದನ್ನು ನೆನಪು ಮಾಡಿಕೊಂಡ. ಅವನು ಕೆಟ್ಟವನಲ್ಲ. ಒಂದು ಸಲ ಅಪ್ಪನನ್ನು ಅಂಗಳದಲ್ಲಿ ಮಲಗಿಸಿದ್ದನ್ನು ನೋಡಿದ ಹುಡುಗ, ಅಷ್ಟೆ. ನಾನು ಬಸ್ಸು ಹತ್ತುವ ಮೊದಲೇ ಬಾಗಿಲ ಪಕ್ಕದ ಮೊಳೆಯಲ್ಲಿ ಯಾವಾಗಲೂ ತೂಗುತ್ತಿದ್ದ ಕೀ ಅವನ ಪ್ಯಾಂಟಿನ ಜೇಬಿಗೆ ಹೋಗಿತ್ತು. ದೊಡ್ಡಮ್ಮ ಖಾಲಿ ಮೊಳೆಯನ್ನು ನೋಡಿದರು, ನನ್ನನ್ನು ನೋಡಿದರು, ದಾರಿಗೆಂದು ಕಟ್ಟಿದ್ದ ರೊಟ್ಟಿಯನ್ನು ಕೈಗಿಟ್ಟರು.

ಎರಡು ವಾರ ಕಳೆದು ಅವರೇ ಫೋನು ಮಾಡಿದರು. ಅದು ಇದು ಮಾತಾಡಿ, ಲೈನಿನ ಲಕ್ಷ್ಮಿಗೆ ಕತ್ತಿ ತಾಗಿ ಅಂಗೈ ಸೀಳಿತ್ತು, ಆರು ಹೊಲಿಗೆ ಹಾಕಿದ್ದಾರೆ, ಈಗ ಪರವಾಗಿಲ್ಲ ಎಂದರು. ಉಮೇಶ ಸೋಮವಾರಪೇಟೆಗೆ ಹೋಗಿದ್ದನಂತೆ. ಆಟೋ ಬರುವ ತನಕ ಇವರು ಲಕ್ಷ್ಮಿಯ ಕೈಗೆ ತಮ್ಮ ಸೀರೆಯ ಸೆರಗು ಸುತ್ತಿ ಹಿಡಿದು ಅಂಗಳದಲ್ಲಿ ಕೂತಿದ್ದರಂತೆ, ಒಂದು ಗಂಟೆ. ಕೊನೆಗೆ ಒಂದು ಮಾತು ಹೇಳಿ ಫೋನು ಇಟ್ಟರು. "ಜೀಪು ಅಲ್ಲೇ ಇತ್ತು, ಸರೂ."

ಬೈದಿದ್ದರೆ ನಿದ್ದೆ ಬರುತ್ತಿತ್ತು. ನಾನು ಹಾಸ್ಟೆಲಿನ ಕೋಣೆಯಲ್ಲಿ ಕೂತು ಆ ಸಂಜೆಯ ರೆಕಾರ್ಡಿಂಗನ್ನು ಮತ್ತೆ ಹಾಕಿದೆ. ಈ ಸಲ ಸ್ಟಾಪ್‌ವಾಚು ಇರಲಿಲ್ಲ. ಕಣ್ಣು ಮುಚ್ಚಿ, ಬರೀ ಕೇಳಿದೆ. ಹಸು, ಎಮ್ಮೆ: ಕೊಟ್ಟಿಗೆ. ನಾಯಿ, ಬೆಕ್ಕು: ಅಂಗಳ. ಕುರಿ, ಮೇಕೆ: ಲೈನ್ ಮನೆಗಳ ಹಿಂದಿನ ಬಯಲು. ಮಂಗ, ಮೊಲ: ತೋಟ. ಹಂದಿ: ತೋಟದ ಕೆಳಗಿನ ಬೇಲಿ. ದೊಡ್ಡಮ್ಮ ಹೆಸರುಗಳನ್ನು ಹುಡುಕುತ್ತಿರಲಿಲ್ಲ, ನಡೆಯುತ್ತಿದ್ದರು. ಮನಸ್ಸಿನಲ್ಲೇ ಕೊಟ್ಟಿಗೆಯಿಂದ ಹೊರಟು ಒಂದೊಂದೇ ಹೆಜ್ಜೆ ಇಳಿದು ಕಾಡಂಚಿಗೆ ಬಂದು ನಿಂತಿದ್ದರು. ಬೇಲಿಯ ಆಚೆ ಮೊದಲು ಎದುರಾಗುವುದು ಯಾರು ಎಂದು ನಮ್ಮ ಕಡೆಯ ಮೂರು ವರ್ಷದ ಮಗುವಿಗೂ ಗೊತ್ತು. ಮನೆಯವರು ಯಾರಾದರೂ ತೋಟದಲ್ಲೋ ದಾರಿಯಲ್ಲೋ ಇರುವಾಗ, ಕತ್ತಲಾಗುವ ಹೊತ್ತಿನಲ್ಲಿ, ಅದರ ಹೆಸರೆತ್ತಬಾರದು ಎಂದೂ ಗೊತ್ತು. ಹೆಸರು ಹೇಳಿದರೆ ಕರೆದ ಹಾಗೆ. ನಮ್ಮ ಮನೆಯಲ್ಲಿ ದೊಡ್ಡವರು ಎನ್ನುತ್ತೇವೆ, ಅದನ್ನೂ ಮೆಲ್ಲಗೆ.

ದೊಡ್ಡಮ್ಮನಿಗೆ ಅದು ಬರೀ ವಾಡಿಕೆಯಾಗಿರಲಿಲ್ಲ. ದೊಡ್ಡಪ್ಪ ಹೋದ ಸಂಜೆ, ಮೊರ ವಾಪಸು ಕೊಡಲು ಬಂದ ಪಕ್ಕದ ಮನೆಯಾಕೆಯ ಹತ್ತಿರ ಇವರು ಅದರ ಹೆಸರು ಹಿಡಿದೇ, ಈಗೆಲ್ಲಿ ಬರ್ತದೆ, ಹೊಳೆ ದಾಟಿ ಹೋಯ್ತಲ್ಲ ಎಂದಿದ್ದರಂತೆ. ಅರ್ಧ ಗಂಟೆಯಲ್ಲಿ ಕಂಬಳಿ ಬಂತು. ಅದಕ್ಕೂ ಇದಕ್ಕೂ ಸಂಬಂಧವಿಲ್ಲವೆಂದು ನನಗೆ ಗೊತ್ತು. ಸಂಬಂಧವಿಲ್ಲದ ಎರಡು ಸಂಗತಿಗಳನ್ನು ಭಯ ಹೇಗೆ ಒಟ್ಟಿಗೆ ಗಂಟು ಹಾಕುತ್ತದೆ ಎಂಬ ಬಗ್ಗೆ ನಮಗೊಂದು ಇಡೀ ಪಾಠವಿದೆ. ನಾನು ಅದರಲ್ಲಿ ತರಗತಿಗೇ ಮೊದಲು. ಆ ಸಂಜೆ ಒಲೆಯ ಮುಂದೆ ದೊಡ್ಡಮ್ಮನ ನಾಲಿಗೆ ನಿಂತದ್ದು ಉಮೇಶ ಮೋಟರಿನ ಹತ್ತಿರ ಇದ್ದನೆಂಬ ಕಾರಣಕ್ಕೆ. ಅದೊಂದನ್ನು ತಡೆದು ಹಿಡಿಯುವುದರಲ್ಲಿ ಅದರ ಹಿಂದೆ ಸಾಲಾಗಿ ನಿಂತಿದ್ದ ಕಾಡಿನ ಪ್ರಾಣಿಗಳೆಲ್ಲ ಹಿಂದೆಯೇ ಉಳಿದವು. ಮಗನನ್ನು ಕಾಯಲು ಅವರು ಅಂಕ ಬಿಟ್ಟುಕೊಟ್ಟರು. ಆ ಅಂಕ ಇಟ್ಟುಕೊಂಡು ಮಗ ಕೀ ತೆಗೆದುಕೊಂಡ. ನಡುವೆ ಕೂತು ಷರಾ ಬರೆದವಳು ನಾನು.

ಮೇಡಂ ಹತ್ತಿರ ಹೋಗಿ ಎಲ್ಲವನ್ನೂ ಹೇಳಿದೆ. ಅಂಕ ಹೊರಗೆ ಬಿಟ್ಟದ್ದಕ್ಕೆ ಬೈಯುತ್ತಾರೆ ಎಂದುಕೊಂಡಿದ್ದೆ, ಬೈದರು. ಆದರೆ ನೋಯಿಸಿದ್ದು ಅದಲ್ಲ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ನೀವೂ ಆ ಕಡೆಯವರೇ ಅಲ್ಲವೇ ಎಂದು ಕೇಳಿದರು. ಹೌದು ಎಂದೆ. ಅವರು ಮತ್ತೆ ಕನ್ನಡಕ ಹಾಕಿಕೊಂಡರು.

ಶುಕ್ರವಾರದ ಬಸ್ಸಿಗೆ ಊರಿಗೆ ಹೋದೆ. ಮಾರನೆಯ ದಿನ ದೊಡ್ಡಮ್ಮ ಸಂತೆಗೆ ಹೋಗಲಿಲ್ಲ. ಉಮೇಶ ಹೋಗಿ ಬಲಿತ ಮೂಲಂಗಿ ತಂದ. ಅದನ್ನು ನೋಡಿಯೂ ಅವರು ಏನೂ ಅನ್ನಲಿಲ್ಲ. ಅದು ಒಳ್ಳೆಯ ಲಕ್ಷಣವಾಗಿರಲಿಲ್ಲ. ಭಾನುವಾರ ಮಧ್ಯಾಹ್ನ ಇಬ್ಬರನ್ನೂ ಅಡುಗೆಮನೆಯಲ್ಲಿ ಕೂರಿಸಿ ನನ್ನ ತಪ್ಪು ಒಪ್ಪಿಕೊಂಡೆ. ಉಮೇಶ ತಲೆ ತಗ್ಗಿಸಿ ಕೇಳಿದ. ಆದರೆ ಅವನ ಕೈ ಜೇಬಿನ ಹತ್ತಿರ ಹೋಗಲಿಲ್ಲ. ನೀನು ಆಗ ಹೇಳಿದ್ದು ಸರಿಯೋ ಈಗ ಹೇಳೋದು ಸರಿಯೋ ಅಕ್ಕ ಎಂದ. ನ್ಯಾಯವಾದ ಪ್ರಶ್ನೆ. ಮತ್ತೆ ಕೇಳು ಹಾಗಾದರೆ ಎಂದರು ದೊಡ್ಡಮ್ಮ.

ಶುರು ಮಾಡುವ ಮೊದಲು ಅವರದ್ದೊಂದು ವ್ಯವಸ್ಥೆ ನಡೆಯಿತು. ಉಮೇಶನನ್ನು ತಮ್ಮ ಪಕ್ಕದ ಬೆಂಚಿಗೆ ಎಳೆದು ಕೂರಿಸಿಕೊಂಡರು. ತೋಟದ ಲೆಕ್ಕ ಬರೆಯುವ ರೈಟರಿಗೆ ಫೋನು ಮಾಡಿಸಿ ಲೈನಿನವರೆಲ್ಲ ಮನೆಯಲ್ಲೇ ಇದ್ದಾರೆಯೇ, ಸೌದೆಗೆ ಯಾರಾದರೂ ಹೋಗಿದ್ದಾರೆಯೇ ಎಂದು ಕೇಳಿಸಿದರು. ಎಲ್ಲರೂ ಒಳಗಿದ್ದಾರೆ ಎಂದಾದ ಮೇಲೆ, ಹೂಂ ಎಂದರು. ಯಾವ ಕೈಪಿಡಿಯಲ್ಲೂ ಇಂಥ ಪೂರ್ವಸಿದ್ಧತೆಯನ್ನು ನಾನು ಓದಿಲ್ಲ. ಆಮೇಲೆ ಹೊರಟರು ನೋಡಿ. ಕೊಟ್ಟಿಗೆ, ಅಂಗಳ, ಬಯಲು, ತೋಟ, ಬೇಲಿ ದಾಟಿ ಕಾಡಿಗೆ ಇಳಿದರು. ಮುಳ್ಳುಹಂದಿ, ಪುನುಗುಬೆಕ್ಕು, ನರಿ, ಜಿಂಕೆ, ಕಡವೆ, ಕಾಟಿ, ಚಿರತೆ, ಹುಲಿ. ಕಾಡು ಮುಗಿದ ಮೇಲೆ ಟೀವಿಗೆ ಹೋದರು: ಸಿಂಹ, ಒಂಟೆ, ಜಿರಾಫೆ, ಮತ್ತು ಹೆಸರು ಗೊತ್ತಿಲ್ಲದ, ಹೊಟ್ಟೆಯ ಚೀಲದಲ್ಲಿ ಮರಿ ಹೊರುವ ಒಂದು. ನಿಮಿಷ ಮುಗಿದರೂ ಅವರು ಮುಗಿಸಿರಲಿಲ್ಲ. ನಾನು ಎಣಿಸುವುದನ್ನೇ ಬಿಟ್ಟು ಕೇಳುತ್ತ ಕೂತಿದ್ದೆ. ಎಲ್ಲ ಆದ ಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು ಹೇಳಿದರು:

"ಇನ್ನೊಂದು ಉಳೀತು. ಅದು ಮರ್ತಿದ್ದಲ್ಲ ಸರೂ, ಬಿಟ್ಟಿದ್ದು. ನಿನ್ನ ಪುಸ್ತಕದಲ್ಲಿ ಎರಡಕ್ಕೂ ಒಂದೇ ಕಾಲಮ್ಮಾ?"

ಒಂದೇ ಕಾಲಮ್ಮು. ನಾನು ಹಾಗೆಂದು ಒಪ್ಪಿಕೊಂಡೆ. ಉಮೇಶ ಎದ್ದು ಹೋಗಿ ಬಾಗಿಲ ಪಕ್ಕದ ಮೊಳೆಗೆ ಕೀ ತೂಗುಹಾಕಿ ಬಂದ. ದೊಡ್ಡಮ್ಮ ಅದರ ಕಡೆ ನೋಡಲೂ ಇಲ್ಲ. ಒಲೆಗೆ ಒಂದು ಸೌದೆ ತಳ್ಳಿ, "ಕತ್ತಲಾದ್ಮೇಲೆ ನೀನೇ ಓಡ್ಸು. ಎದುರಿನ ಲೈಟು ಕಣ್ಣಿಗೆ ಹೊಡೀತದೆ. ಗೇಟಿಗೆ ತಾಗಿದ್ದೂ ಅದಕ್ಕೇ" ಎಂದರು.

ಉಮೇಶ, ಮತ್ತೆ ಯಾಕಮ್ಮ ಹೇಳಲಿಲ್ಲ ಎಂದ.

"ಯಾರು ಕೇಳಿದ್ರು? ನೀವು ಕೇಳಿದ್ದು ಪ್ರಾಣಿ ಹೆಸ್ರು."

ಅಷ್ಟರಲ್ಲಿ ಮೂಲಂಗಿಯ ವಿಷಯ ಅವರಿಗೆ ನೆನಪಾಯಿತು. ಸಂತೆಯಲ್ಲಿ ಮೂಲಂಗಿಯನ್ನು ಉಗುರಿನಿಂದ ಕೀರಿ ನೋಡದೆ ತರುವವರ ಬಗ್ಗೆ ಅವರು ಆಡಿದ ಮಾತು ಅರ್ಧ ಗಂಟೆ ನಡೆಯಿತು. ಎಲ್ಲೂ ತಡವರಿಸಲಿಲ್ಲ. ಮುಂದಿನ ವಾರ ಉಮೇಶ ಅವರನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದ. ಪೊರೆ ಬಂದಿದೆಯಂತೆ, ತೆಗೆಸಬೇಕಂತೆ. ಅಂದರೆ ಕಂಬಕ್ಕೆ ಜೀಪು ತಾಗಿದ ಕಾರಣ ಮಿದುಳಿನಿಂದ ನಾಲ್ಕು ಬೆರಳು ಮುಂದೆಯೇ ಇತ್ತು. ನನ್ನ ವಿದ್ಯೆ ಅದನ್ನು ಹಾದು ಒಳಗೆ ಹೋಗಿಬಿಟ್ಟಿತ್ತು.

ಇದನ್ನೆಲ್ಲ ಬರೆದು ವಿಭಾಗಕ್ಕೆ ಒಪ್ಪಿಸಿದೆ, ಎಂಟು ಪುಟ. ಮೇಡಂ ಮೆಚ್ಚಿಕೊಂಡರು. ಆದರೆ ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ಒಂದು ಟಿಪ್ಪಣಿ ಇತ್ತು: ಎಂಟು ಪುಟಗಳಲ್ಲಿ 'ಆ ಪ್ರಾಣಿ' ಎಂದು ಹದಿನಾರು ಕಡೆ ಬರೆದಿದ್ದೀರಿ. ಯಾವ ಪ್ರಾಣಿ? ವಿಜ್ಞಾನದಲ್ಲಿ ಹೆಸರು ಹೇಳಬೇಕು. ನಾಚಿಕೆಯಾಯಿತು. ಅವರು ಹೇಳುವುದು ಸರಿ. ಭಾನುವಾರದವರೆಗೆ ಕಾದೆ. ಊರಿಗೆ ಫೋನು ಮಾಡಿ ದೊಡ್ಡಮ್ಮ, ಉಮೇಶ, ಲಕ್ಷ್ಮಿ, ರೈಟರು, ಎಲ್ಲರೂ ಮನೆಯೊಳಗಿದ್ದಾರೆ ಎಂದು ಖಾತ್ರಿ ಮಾಡಿಕೊಂಡು, ನಡುಮಧ್ಯಾಹ್ನ ಕೂತು ಹದಿನಾರು ಕಡೆಯೂ ಹೆಸರು ತುಂಬಿ, ಬೇಗ ಬೇಗ ಲಕೋಟೆಗೆ ಹಾಕಿ ಅಂಟಿಸಿದೆ.

ಈ ಪ್ರಬಂಧದಲ್ಲಿ ಆ ಹೆಸರು ಎಲ್ಲೂ ಬಂದಿಲ್ಲ ಎಂಬುದನ್ನು ನೀವು ಗಮನಿಸಿರಬಹುದು. ಸಂಪಾದಕರು ಬೇಕಾದರೆ ಸೇರಿಸಿಕೊಳ್ಳಲಿ, ನನ್ನ ಅಭ್ಯಂತರವಿಲ್ಲ. ನಾನು ವಿಜ್ಞಾನ ಓದಿದವಳು. ಇವತ್ತು ಮಾತ್ರ ಬೇಡ. ಇವತ್ತು ಶನಿವಾರ, ಗಂಟೆ ಐದೂವರೆ. ದೊಡ್ಡಮ್ಮ ಎರಡನೇ ಗೇರಿನಲ್ಲಿ ಸಂತೆಯಿಂದ ಹೊರಟಿದ್ದಾರಂತೆ, ಇನ್ನೂ ಮನೆ ಮುಟ್ಟಿಲ್ಲ.